ಅಂಗಡಿ ಮಾತು: ಮಿಡಿ ಖಾಲಿಯಾದ ಮೇಲೆ ಜಾಹೀರಾತು ಯಾರಿಗೆ?

ಶಿವಮೊಗ್ಗದ ದುರ್ಗಿಗುಡಿಯಲ್ಲಿ 22 ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು. ಅದರ ಜೊತೆಗೇ ಸಾರಿನ ಪುಡಿ, ಹುಳಿ ಪುಡಿ ಮಾಡಿ ಮಾರಿದ್ದೇನೆ. ಈ ಸಲ ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ. ಹಪ್ಪಳ ಮಾಡುವವರು, ಜೇನು ಮಾರುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಅದನ್ನೇ.

ಪ್ರಶ್ನೆ: ಅಕ್ಕಾ, ಮನೆಯಲ್ಲೇ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ಕಳೆದ ಬೇಸಿಗೆಯಲ್ಲಿ 80 ಕೆ.ಜಿ. ಹಾಕಿದ್ದೆ. ಅರ್ಧ ಕೆ.ಜಿ. ಬಾಟಲಿಗೆ 200 ರೂಪಾಯಿ. ಸಾಮಾನಿನ ಖರ್ಚು ಬಾಟಲಿಗೆ 130 ಬೀಳುತ್ತದೆ. ದೀಪಾವಳಿ ಹೊತ್ತಿಗೆ ಎಲ್ಲ ಖಾಲಿ. ಆದರೂ ಕೈಯಲ್ಲಿ ದುಡ್ಡು ನಿಂತಿಲ್ಲ. ಇನ್‌ಸ್ಟಾಗ್ರಾಂನಲ್ಲಿ 5,000 ರೂಪಾಯಿ ಜಾಹೀರಾತು ಕೊಟ್ಟರೆ ವ್ಯಾಪಾರ ಬೆಳೆಯುತ್ತೆ ಅಂತ ತಮ್ಮ ಹೇಳುತ್ತಾನೆ. ಕೊಡಲಾ?
— ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಈಗ ಬೇಡ ತಂಗಿ. ನಿಮಗೆ ಗಿರಾಕಿ ಕಡಿಮೆ ಇಲ್ಲ. ದೀಪಾವಳಿಗೇ ಖಾಲಿ ಅಂತ ನೀವೇ ಬರೆದಿದ್ದೀರಿ. ಒಂದು ಬಾಟಲಿಗೆ 70 ರೂಪಾಯಿ ಉಳಿದರೆ, ಜಾಹೀರಾತಿನ 5,000 ವಾಪಸ್ ಬರುವುದಕ್ಕೇ 72 ಬಾಟಲಿ ಹೆಚ್ಚಿಗೆ ಮಾರಬೇಕು. ಆ 72 ಬಾಟಲಿ ಎಲ್ಲಿವೆ? ಮಿಡಿ ನಾವು ಕೇಳಿದಾಗೆಲ್ಲ ಸಿಗುವ ಸಾಮಾನಲ್ಲ. ಬೇಸಿಗೆಯ ಕೆಲವೇ ವಾರ ಅದರ ಕಾಲ. ಮರ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಮುನಿಸಿಕೊಳ್ಳುತ್ತದೆ. ಮರ ಹತ್ತಿ ಕೊಯ್ಯುವವರು ಸಿಗಬೇಕು, ನೆಲಕ್ಕೆ ಬಿದ್ದ ಮಿಡಿ ನಡೆಯುವುದಿಲ್ಲ. ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು? 80 ಕೆ.ಜಿ. ಅಂದರೆ 160 ಬಾಟಲಿ. 70ರಂತೆ 11,200 ರೂಪಾಯಿ. ಇದನ್ನು ನೀವು ಲಾಭ ಅಂದುಕೊಂಡಿದ್ದೀರಿ. ಲಾಭ ಅಲ್ಲ ಅದು, ನಿಮ್ಮ ಕೂಲಿ. ಮಿಡಿ ಆರಿಸಿದ್ದು, ತೊಟ್ಟು ಬಿಡಿಸಿದ್ದು, ಉಪ್ಪಿಗೆ ಹಾಕಿ ಚಿರುಟುವ ತನಕ ದಿನಾ ಕೈಯಾಡಿಸಿದ್ದು, ಸಾಸಿವೆ ಮೆಣಸು ಅರೆದಿದ್ದು, ಭರಣಿ ಬಿಸಿಲಿಗಿಟ್ಟು ಒಣಗಿಸಿದ್ದು, ಬಸ್ ಸ್ಟ್ಯಾಂಡಿಗೆ ಪಾರ್ಸೆಲ್ ಹೊತ್ತುಕೊಂಡು ಹೋಗಿದ್ದು ಯಾವುದೂ ಆ 130ರಲ್ಲಿ ಸೇರಿಲ್ಲ. ಮೊದಲು ನಿಮಗೆ ನೀವೇ ದಿನಗೂಲಿ ಹಾಕಿಕೊಳ್ಳಿ. ತೋಟದ ಕೆಲಸಕ್ಕೆ ಬರುವವರಿಗೆ ಎಷ್ಟು ಕೊಡುತ್ತೀರೋ ಅಷ್ಟಾದರೂ ಇರಲಿ. ಆಮೇಲೆ ಬೆಲೆ ನೋಡಿ. 260 ಮಾಡಿದರೆ ಒಂದೇ ಒಂದು ಮಿಡಿ ಹೆಚ್ಚಿಗೆ ಹಾಕದೆ 9,600 ರೂಪಾಯಿ ಜಾಸ್ತಿ ಬರುತ್ತದೆ. ಕೆಲವರು ಬಿಟ್ಟು ಹೋಗುತ್ತಾರೆ, ಹೋಗಲಿ. ದೀಪಾವಳಿಗೇ ಖಾಲಿಯಾಗುವ ಸರಕು ಯುಗಾದಿ ತನಕ ಮಾರಿದರೆ ನಷ್ಟ ಏನೂ ಇಲ್ಲ.

ಬೆಲೆ ಏರಿಸಲು ಹೆದರಿಕೆ ಆಗುತ್ತದೆ ಅಲ್ವಾ? ನನಗೂ ಆಗಿತ್ತು. ಅದಕ್ಕೇ ಬಾಟಲಿಯ ಮೇಲೆ ಮೂರು ವಿಷಯ ಬರೆಯಿರಿ: ಯಾವ ಊರಿನ ಮರ, ಯಾವ ಜಾತಿಯ ಮಿಡಿ, ಯಾವ ವರ್ಷ ಹಾಕಿದ್ದು. ಜೀರಿಗೆ ಮಿಡಿಯಾದರೆ ಹಾಗೇ ಬರೆಯಿರಿ. ಬೆಂಗಳೂರಿನಲ್ಲಿ ಕೂತವರಿಗೆ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳ ನೆನಪಿದೆ, ಆದರೆ ಅದನ್ನು ಎಲ್ಲಿಂದ ತರಿಸಬೇಕು ಅಂತ ಗೊತ್ತಿಲ್ಲ. ಅವರು ದುಡ್ಡು ಕೊಡುವುದು ಆ ನೆನಪಿಗೆ. ಅಂಗಡಿಯ ಉಪ್ಪಿನಕಾಯಿ ಬಾಟಲಿ ಜೊತೆ ಬೆಲೆ ಹೋಲಿಸುವುದನ್ನು ನೀವೇ ಮೊದಲು ಬಿಡಿ.

ಈಗ ಮುಖ್ಯ ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ವರ್ಷ ಕೊಂಡ ಪ್ರತಿ ಮನೆಯ ಹೆಸರು, ಫೋನ್, ಎಷ್ಟು ಬಾಟಲಿ, ಯಾರು ಹೇಳಿ ಬಂದರು, ಇಷ್ಟನ್ನೂ ಬರೆಯಿರಿ. ಗಿರಣಿ ಶುರು ಮಾಡಿದ ವರ್ಷ ನಾನು 2,000 ಕರಪತ್ರ ಹೊಡೆಸಿ ಪೇಪರ್ ಒಳಗೆ ಇಡಿಸಿದ್ದೆ. ಆಮೇಲೆ ಒಂದು ತಿಂಗಳು ಬಂದವರನ್ನೆಲ್ಲ "ಯಾರು ಹೇಳಿದ್ರು?" ಅಂತ ಕೇಳಿ ಬರೆದಿಟ್ಟೆ. ಕರಪತ್ರ ನೋಡಿ ಬಂದವರು ಮೂರೇ ಜನ. ಒಬ್ಬರು ಮೇಷ್ಟ್ರ ಮನೆಯವರು ಹೇಳಿ ಕಳಿಸಿದವರು ಹನ್ನೊಂದು. ಆ ಅಮ್ಮನಿಗೆ ನಾನು ಮಾಡಿದ್ದು ಇಷ್ಟೇ. ಮೆಣಸಿನಕಾಯಿ ಬೀಸಿದ ಮೇಲೆ ಕಲ್ಲು ಬಿಚ್ಚಿ ಒರೆಸಿ, ಒಂದು ಹಿಡಿ ಅಕ್ಕಿ ಓಡಿಸಿ, ಆಮೇಲೆ ಅವರ ಮಗುವಿನ ರಾಗಿ ಬೀಸಿದ್ದೆ. ಅಂದಿನಿಂದ ಕರಪತ್ರಕ್ಕೆ ದುಡ್ಡು ಹಾಕಲಿಲ್ಲ.

ನೋಟ್‌ಬುಕ್ಕಿನ ಹೆಸರುಗಳನ್ನು ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನರ ತನಕ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ "ಯಾರೂ ಉತ್ತರ ಕೊಡಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಪಾರ್ಸೆಲ್‌ನಲ್ಲೂ ಒಂದು ಚೀಟಿ ಇಡಿ: "ಮುಂದಿನ ವರ್ಷದ ಮಿಡಿಯ ಸುದ್ದಿಗೆ ಈ ನಂಬರ್ ಸೇವ್ ಮಾಡಿಕೊಳ್ಳಿ." ಮರ ಹೂ ಬಿಟ್ಟಾಗ ಒಂದು ಫೋಟೋ ಕಳಿಸಿ. ಮಿಡಿ ಬಂದಾಗ ಬುಕಿಂಗ್ ತೆಗೆದುಕೊಳ್ಳಿ, ಬಾಟಲಿಗೆ 100 ಮುಂಗಡ. ಆ ದುಡ್ಡಲ್ಲೇ ಮಿಡಿ, ಮೆಣಸು, ಬಾಟಲಿ ಬಹುಪಾಲು ಬರುತ್ತದೆ, ದೊಡ್ಡ ಸಾಲ ಬೇಡ. ಬೆಳೆ ಕಡಿಮೆ ಇದ್ದರೆ ಅದನ್ನೂ ತಿಳಿಸಿ. ಹಾಗೆ ತಿಳಿಸಿದವರನ್ನು ಜನ ಬಿಡುವುದಿಲ್ಲ.

ಲೇಬಲ್ ವಿಷಯ. ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಇನ್ನೂ ಮಾಡಿಸಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ಅದರ 14 ಅಂಕಿಯ ನಂಬರ್, ಏನೇನು ಹಾಕಿದ್ದೀರಿ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ವಿಳಾಸ, ಹಸಿರು ಚುಕ್ಕಿ ಇವು ಇರಲೇಬೇಕು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಹಾಗಂತ ಆ ಮುದ್ರೆಯನ್ನು ಸುಮ್ನೆ ಅಚ್ಚು ಹಾಕಿಸಬೇಡಿ. ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಬೇಕು.

ಪ್ರಶ್ನೆ: ಸವಳಂಗ ರಸ್ತೆಯಲ್ಲಿ ನಮ್ಮದು ಸಣ್ಣ ಬೇಕರಿ. ಎದುರಿಗೆ ದೊಡ್ಡ ಬೇಕರಿ ಬಂದಿದೆ, ರಿಯಾಯಿತಿ ಬೋರ್ಡ್ ಹಾಕಿದ್ದಾರೆ. ನಾವೂ ಶೇ. 10 ಇಳಿಸೋಣವೇ?
— ಬೇಕರಿ ಮಾಲೀಕರು, ಶಿವಮೊಗ್ಗ

ಉತ್ತರ: ಇಳಿಸಬೇಡಿ. 100 ರೂಪಾಯಿ ಮಾಲಿಗೆ 75 ಖರ್ಚಾದರೆ 25 ಉಳಿಯುತ್ತದೆ. 10 ಬಿಟ್ಟರೆ ಉಳಿಯುವುದು 15. ಈಗಿನಷ್ಟೇ ದುಡಿಯಲು 100 ಜನರ ಬದಲು 167 ಜನ ಬರಬೇಕು. ನಿಮ್ಮ ಓವನ್ನಿಗೂ ಹುಡುಗರಿಗೂ ಅಷ್ಟು ಆಗುತ್ತಾ?

ನಿಮ್ಮಲ್ಲಿ ಯಾವ ಒಂದು ಪದಾರ್ಥಕ್ಕೆ ಜನ ಹುಡುಕಿಕೊಂಡು ಬರುತ್ತಾರೆ ಅಂತ ನೋಡಿ. ಖಾರಾ ಬನ್ ಅಂದುಕೊಳ್ಳಿ. "ಸಂಜೆ 4.30ಕ್ಕೆ ಬಿಸಿ ಖಾರಾ ಬನ್" ಅಂತ ಹಲಗೆ ಬರೆದು ಹಾಕಿ, ದಿನಾ ಅದೇ ಹೊತ್ತಿಗೆ ಟ್ರೇ ಹೊರಗೆ ಬರಲಿ. ಮಳೆಗಾಲದ ಸಂಜೆ ಆ ವಾಸನೆ ರಸ್ತೆ ದಾಟಿ ಹೋಗುತ್ತದೆ. ಆದರೆ ಐದು ನಿಮಿಷವೂ ತಪ್ಪಬಾರದು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕುವುದಕ್ಕೆ ದುಡ್ಡಿಲ್ಲ, ಅಲ್ಲಿ ಬಾಗಿಲು ತೆರೆಯುವ ಹೊತ್ತು ಸರಿಯಾಗಿ ಇದೆಯಾ ನೋಡಿಕೊಳ್ಳಿ.

ಪ್ರಶ್ನೆ: ಆಗುಂಬೆ ಕಡೆ ನಾಲ್ಕು ರೂಮಿನ ಹೋಂಸ್ಟೇ ನಮ್ಮದು. ಡಿಸೆಂಬರಿನಲ್ಲಿ ಜಾಗ ಇರುವುದಿಲ್ಲ, ಮಳೆಗಾಲ ಪೂರ್ತಿ ಖಾಲಿ. ಬುಕಿಂಗ್ ಆ್ಯಪ್‌ನ ಕಮಿಷನ್ ಬೇರೆ. ಹೋದ ಜುಲೈನಲ್ಲಿ ಬಂದ ಒಬ್ಬರು "ನೆಟ್‌ವರ್ಕ್ ಇಲ್ಲ, ಜಿಗಣೆ ಕಾಟ, ದಾರಿ ಸಿಗಲ್ಲ" ಅಂತ ಒಂದೇ ಸ್ಟಾರ್ ಕೊಟ್ಟು ಹೋದರು. ಮನಸ್ಸಿಗೆ ತುಂಬಾ ನೋವಾಯಿತು.
— ದಂಪತಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೋವಾಗುವುದು ಸಹಜ. ಮನೆ ಬಿಟ್ಟುಕೊಟ್ಟು, ಬೆಳಗ್ಗೆ ಎದ್ದು ಕಡುಬು ಬೇಯಿಸಿ ಬಡಿಸಿದವರಿಗೆ ಅಂಥ ಮಾತು ಚುಚ್ಚುತ್ತದೆ. ಆದರೆ ಪತ್ರವನ್ನು ಎರಡು ಸಲ ಓದಿದೆ. ಅವರು ಹೇಳಿದ ಮೂರೂ ನಿಜ, ಅಲ್ವಾ? ಬರುವ ಮೊದಲು ಅವು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನಿಮ್ಮ ಪುಟದಲ್ಲಿರುವ ಫೋಟೋಗಳು ಬಹುಶಃ ಎಲ್ಲವೂ ಚಳಿಗಾಲದವು. ನೀಲಿ ಆಕಾಶ, ಒಣಗಿದ ಅಂಗಳ. ಅದನ್ನು ನೋಡಿ ಜುಲೈನಲ್ಲಿ ಬಂದವರು ಸೂರ್ಯಾಸ್ತ ನೋಡಲು ಹೋಗಿ ಬರೀ ಮಂಜು ನೋಡಿಕೊಂಡು ವಾಪಸ್ ಬಂದಿರುತ್ತಾರೆ.

ಮಳೆಗಾಲಕ್ಕೆ ಬೇರೆಯದೇ ಫೋಟೋ ಹಾಕಿ. ಹಂಚಿನಿಂದ ಸುರಿಯುವ ನೀರು, ಹಂಡೆ ಒಲೆ, ಕೆಂಡದಲ್ಲಿ ಸುಟ್ಟ ಹಪ್ಪಳ, ಕಳಲೆ ಪಲ್ಯ, ಪತ್ರೊಡೆ. ಕೆಳಗೆ ನೇರವಾಗಿ ಬರೆಯಿರಿ: "ಜೂನ್‌ನಿಂದ ಸೆಪ್ಟೆಂಬರ್ ಇಲ್ಲಿ ಮಳೆ ನಿಲ್ಲುವುದಿಲ್ಲ. ಸೂರ್ಯಾಸ್ತ ಕಾಣುವುದು ಕಷ್ಟ. ಉಂಬಳ (ಜಿಗಣೆ) ಹತ್ತುತ್ತವೆ, ಉಪ್ಪಿನ ಗಂಟು ನಾವು ಕೊಡುತ್ತೇವೆ. ಫೋನ್ ಸಿಗ್ನಲ್ ಇಲ್ಲ." ಇದನ್ನು ಓದಿ ಹಿಂದೆ ಸರಿಯುವವರು ಸರಿಯಲಿ. ಓದಿದ ಮೇಲೂ ಬರುವವರು ಅದಕ್ಕೆಂದೇ ಬರುತ್ತಾರೆ, ಮುಂದಿನ ವರ್ಷ ಅಣ್ಣನ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಬಾಗಿಲಲ್ಲಿ ಇಡಿ, ಮಕ್ಕಳಿಗೆ ಹೇಗೆ ಮುಟ್ಟಿಸಬೇಕು ಅಂತ ತೋರಿಸಿಕೊಡಿ. ಪೇಟೆ ಮಕ್ಕಳು ಊರಿಗೆ ಹೋಗಿ ಹೇಳುವ ಕತೆ ಅದೇ.

ದಾರಿಗೆ ಮ್ಯಾಪ್ ಒಂದನ್ನೇ ನಂಬಬೇಡಿ. ಪಿನ್ ನಿಮ್ಮ ಗೇಟಿನ ಮೇಲೇ ಇದೆಯಾ ಅಂತ ಒಮ್ಮೆ ನೋಡಿ. ಆಮೇಲೆ ಮೂರು ಫೋಟೋ ತೆಗೆಯಿರಿ: ಮುಖ್ಯ ರಸ್ತೆಯ ಬಸ್ ನಿಲ್ದಾಣ, ತಿರುವಿನ ಹಾಲಿನ ಡೈರಿ, ಕಾಲುಸಂಕದ ಪಕ್ಕದ ನಿಮ್ಮ ಗೇಟು, ಹೀಗೆ. ಅವರು ತೀರ್ಥಹಳ್ಳಿ ದಾಟುವ ಮುಂಚೆ ವಾಟ್ಸ್ಆ್ಯಪ್‌ಗೆ ಹೋಗಿರಬೇಕು. ಆಮೇಲೆ ಸಿಗ್ನಲ್ ಇರುವುದಿಲ್ಲವಲ್ಲ. ಘಾಟಿಯಲ್ಲಿ ಮಣ್ಣು ಕುಸಿದರೆ, ಸಂಚಾರ ನಿಂತರೆ ನೀವೇ ಮೊದಲು ಫೋನ್ ಮಾಡಿ ತಿಳಿಸಿ.

ಆ ಒಂದು ಸ್ಟಾರಿಗೆ ಉತ್ತರ ಬರೆಯಿರಿ. ಜಗಳ ಬೇಡ. "ನಿಮಗೆ ತೊಂದರೆಯಾಗಿದ್ದಕ್ಕೆ ಬೇಸರವಿದೆ. ಈಗ ದಾರಿಯ ಫೋಟೋ ಮುಂಚೆಯೇ ಕಳಿಸುತ್ತಿದ್ದೇವೆ, ಮಳೆಗಾಲದ ವಿಷಯ ಪುಟದಲ್ಲಿ ಬರೆದಿದ್ದೇವೆ" ಅಂದರೆ ಸಾಕು. ಅದನ್ನು ಓದುವುದು ಅವರಲ್ಲ, ಮುಂದೆ ಬರುವವರು. ಕಮಿಷನ್ ಬಗ್ಗೆ ಒಂದೇ ಮಾತು. ಮೊದಲ ಸಲ ಆ್ಯಪ್ ಕರೆತಂದಿದೆ, ಅದರ ಪಾಲು ಕೊಡಿ. ಹೊರಡುವಾಗ ಒಂದು ಪೊಟ್ಟಣ ಕಾಳುಮೆಣಸು, ಅದರ ಮೇಲೆ ನಿಮ್ಮ ನಂಬರ್ ಇಟ್ಟು ಕೊಡಿ. ಎರಡನೇ ಸಲ ಅವರು ನಿಮಗೇ ಫೋನ್ ಮಾಡಲಿ.

ಪ್ರಶ್ನೆ: ಅಡಿಕೆ ಹಾಳೆಯ ತಟ್ಟೆ ಮಾಡುವ ಎರಡು ಯಂತ್ರ ಹಾಕಿದ್ದೇನೆ. ಮಾಲೆಲ್ಲ ಒಬ್ಬರೇ ರಫ್ತುದಾರರಿಗೆ ಹೋಗುತ್ತಿತ್ತು. ಅಮೆರಿಕಕ್ಕೆ ಕಳಿಸುವುದು ನಿಂತ ಮೇಲೆ ಆರ್ಡರ್ ಇಲ್ಲ. ಬ್ಯಾಂಕಿನ ಕಂತು ನಡೆಯುತ್ತಿದೆ.
— ಯುವಕ, ಹೊಸನಗರ

ಉತ್ತರ: ಮಲೆನಾಡಿನಲ್ಲಿ ಈ ಏಟು ಬಿದ್ದವರು ನೀವೊಬ್ಬರೇ ಅಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಅಂಶ ಊಟಕ್ಕೆ ಇಳಿಯಬಹುದು ಅಂತ ಹೇಳಿ ಈ ತಟ್ಟೆಗಳಿಗೆ ಬಾಗಿಲು ಹಾಕಿತು. ಅದನ್ನು ನೀವು ಬದಲಾಯಿಸಲು ಆಗುವುದಿಲ್ಲ. ಪ್ಯಾಕೆಟ್ ಮೇಲೆ "ಆರೋಗ್ಯಕ್ಕೆ ಒಳ್ಳೆಯದು" ಅಂತ ಇದ್ದರೆ ತೆಗೆದುಬಿಡಿ. ಯಾರಾದರೂ ಕೇಳಿದರೆ ಇದ್ದದ್ದು ಹೇಳಿ. ಗೊಬ್ಬರದ ಗುಂಡಿಯಲ್ಲಿ ಕರಗುತ್ತದೆ ಅನ್ನುವುದು ಯಾರೂ ಅಲ್ಲಗಳೆಯದ ಗುಣ, ಅದನ್ನೇ ಹೇಳಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಕಲ್ಯಾಣ ಮಂಟಪದವರಿಗೆ ಬೇರೆ ದಾರಿ ಬೇಕೇ ಬೇಕು.

ಆದರೆ ರಫ್ತಿನ ಅಚ್ಚು ಚಿಕ್ಕದಿರುತ್ತದೆ. ಅದರಲ್ಲಿ ನಮ್ಮ ಮದುವೆ ಊಟ ಬಡಿಸಲು ಆಗುವುದಿಲ್ಲ, ಅನ್ನಕ್ಕೆ ಸಾರು ಹಾಕಿದರೆ ಹೊರಗೆ ಹರಿಯುತ್ತದೆ. ಒಂದು ಯಂತ್ರಕ್ಕೆ 12 ಇಂಚಿನ ದುಂಡು ಅಚ್ಚು ಹಾಕಿಸಿ. ಮಾರಲು ಅಂಗಡಿಗಳ ಬೆನ್ನು ಹತ್ತಬೇಡಿ, ಅಡುಗೆ ಭಟ್ಟರನ್ನು ಹಿಡಿಯಿರಿ. ಎಲೆ, ತಟ್ಟೆ ಎಷ್ಟು ತರಿಸಬೇಕು ಅಂತ ಮದುವೆ ಮನೆಗೆ ಪಟ್ಟಿ ಬರೆದುಕೊಡುವವರು ಅವರು. ಹತ್ತು ಭಟ್ಟರಿಗೆ 25 ತಟ್ಟೆ ಸುಮ್ನೆ ಕೊಟ್ಟು ಬನ್ನಿ. ಒಂದು ವಾರ ಬಿಟ್ಟು ಹೋಗಿ ಕೇಳಿ. ಇನ್ನೊಂದು ಯಂತ್ರದಲ್ಲಿ ಊಟದ್ದಲ್ಲದ ಮಾಲು ಮಾಡಿ: ಅರಿಶಿನ ಕುಂಕುಮದ ತಟ್ಟೆ, ತಾಂಬೂಲದ ತಟ್ಟೆ, ಉಡುಗೊರೆ ಟ್ರೇ.

ಮಳೆಗಾಲದಲ್ಲಿ ಒಂದೇ ಒಂದು ತಟ್ಟೆಯಲ್ಲಿ ಬೂಸ್ಟು ಕಂಡರೆ ಆ ಕಟ್ಟು ಪೂರ್ತಿ ವಾಪಸ್ ಬರುತ್ತದೆ. ಹಾಳೆ ಒಣಗಿಸಿಡಲು ಅಟ್ಟ ಮಾಡಿಸಿಕೊಳ್ಳುವುದು ಜಾಹೀರಾತಿಗಿಂತ ಮುಂಚಿನ ಖರ್ಚು. ಬ್ಯಾಂಕಿಗೆ ಕಂತು ತಪ್ಪುವ ಮೊದಲೇ ಹೋಗಿ ಮಾತಾಡಿ, ತಪ್ಪಿದ ಮೇಲೆ ಅಲ್ಲ.

ಪ್ರಶ್ನೆ: ಫ್ಯಾನ್ಸಿ ಸ್ಟೋರ್ ಇದೆ. ತೆರಿಗೆ ನೋಟಿಸಿನ ಹೆದರಿಕೆಗೆ ಯುಪಿಐ ತೆಗೆದಿದ್ದೇನೆ. ಗಿರಾಕಿ ಕಡಿಮೆಯಾಗಿದ್ದಾರೆ. ಏನು ಮಾಡಲಿ?
— ಅಂಗಡಿಯವರು, ಭದ್ರಾವತಿ

ಉತ್ತರ: ಇವತ್ತೇ ಕ್ಯೂಆರ್ ಬೋರ್ಡ್ ವಾಪಸ್ ಅಂಟಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳು "ನಗದು ಮಾತ್ರ" ಅಂತ ಬರೆದು ಹಾಕಿದ್ದು ನಿಜ. ಆದರೆ ವಹಿವಾಟು ಅಂದರೆ ನಗದೂ ಸೇರಿ. ವರ್ಷದ ಒಟ್ಟು ವ್ಯಾಪಾರ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ದುಡ್ಡು ಹೇಗೆ ಬಂದರೂ ಸರಿ. ದಾಟಿಲ್ಲ ಅಂದರೆ ಹೆದರಿಕೆ ಯಾಕೆ? ದಾಟಿದ್ದರೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ, ವ್ಯಾಪಾರಿಗೆ ವಹಿವಾಟಿನ ಶೇ. 1. ಕಾಲೇಜು ಹುಡುಗಿ 40 ರೂಪಾಯಿಯ ಕ್ಲಿಪ್ ಕೈಯಲ್ಲಿ ಹಿಡಿದು ಫೋನ್ ತೆಗೆಯುತ್ತಾಳೆ, ನೀವು "ಕ್ಯಾಶ್ ಕೊಡಮ್ಮ" ಅಂದರೆ ಇಟ್ಟು ಹೋಗುತ್ತಾಳೆ.

ಸಾಗರದ ತಂಗಿಗೂ ಇದೇ ಸಂಬಂಧ ಒಂದು ಮಾತು. ಈ 40 ಲಕ್ಷದ ಮಿತಿ ರಾಜ್ಯದೊಳಗೆ ಮಾರುವವರಿಗೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಬೇಕಾದರೆ ಮೊದಲೇ ನೋಂದಣಿ ಬೇಕಾಗುತ್ತದೆ. ಬೆಂಗಳೂರು, ಮೈಸೂರಿಗೆ ಚಿಂತೆಯಿಲ್ಲ. ಮುಂಬೈಯಿಂದ ಆರ್ಡರ್ ಬಂದ ದಿನ, ಬಾಟಲಿ ಕಟ್ಟುವ ಮುಂಚೆ ಒಮ್ಮೆ ಲೆಕ್ಕಪತ್ರ ನೋಡುವವರ ಹತ್ತಿರ ಹೋಗಿ ಬನ್ನಿ.