ಕರೆಂಟ್ ಬಿಲ್ಲಿಗೂ ಬ್ಯಾಂಕಿನಷ್ಟೇ ಗಟ್ಟಿ ಪಾಸ್‌ವರ್ಡ್ ಬೇಕೇ?

ಡೊಂಬಿವಲಿಯಿಂದ ಕೇಳಿದ್ದೀರಿ: ಕರೆಂಟ್ ಬಿಲ್ಲು, ರೈಲು ಟಿಕೆಟ್ಟು, ಇಮೇಲ್ ಎಲ್ಲಕ್ಕೂ ಅಷ್ಟೇ ಕಠಿಣ ಪಾಸ್‌ವರ್ಡ್ ಬೇಕೇ ಎಂದು. ಬೇಕಿಲ್ಲ. ಆದರೆ ಇಮೇಲನ್ನು ಆ ಸಾಲಿನಿಂದ ತೆಗೆದುಬಿಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.

ನಾಲ್ಕಂಕಿಯ ಎಟಿಎಂ ಪಿನ್ನಿಗೆ ಇರುವುದು ಬರೀ 10,000 ಸಾಧ್ಯತೆ. ಆದರೂ ಸಾಕಾಗುತ್ತದೆ, ಕೆಲವು ಸಲ ತಪ್ಪಿದರೆ ಕಾರ್ಡೇ ಬ್ಲಾಕ್ ಆಗುತ್ತದಲ್ಲ! ವೆಬ್‌ಸೈಟಿನ ಡೇಟಾ ಕಳುವಾದರೆ ಮಾತ್ರ ಆ ತಡೆ ಇರುವುದಿಲ್ಲ. ಕಳ್ಳ ತನ್ನ ಕಂಪ್ಯೂಟರಿನಲ್ಲೇ ಎಷ್ಟು ಬೇಕಾದರೂ ಊಹಿಸಬಹುದು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಂದ ಸುಮಾರು 20,900 ಕೋಟಿ ಜೋಡಣೆ ಸಾಧ್ಯ. ಸೈಟಿನವರು ಪಾಸ್‌ವರ್ಡನ್ನು ಗುರುತು ಸಿಗದಂತೆ ಮಾರ್ಪಡಿಸಿಡಲು ಎಂಡಿ5ನಂಥ ಹಳೇ ವಿಧಾನ ಬಳಸಿದ್ದರೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟನ್ನೂ ಊಹಿಸಿ ನೋಡುವುದು ಕೆಲವೇ ಸೆಕೆಂಡುಗಳ ಕೆಲಸ.

ಹಾಗಾಗಿ ಚಿಹ್ನೆಗಿಂತ ಉದ್ದ ಮುಖ್ಯ. ‘ಮುಂಬೈ@123’, ‘ಗಣಪತಿ@2025’ ಯಾರಿಗಾದರೂ ಮೊದಲು ಹೊಳೆಯುವಂಥವು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಮನೆದೇವರು, ಮಗಳ ಹೆಸರು ಬೇಡ, ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟು ಆರಿಸಿ.

ನಿಜವಾದ ಅಪಾಯ ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದರಲ್ಲಿದೆ. ಒಂದು ಕಡೆ ಸೋರಿದ್ದನ್ನು ಎಲ್ಲ ಕಡೆ ಪ್ರಯೋಗಿಸುತ್ತಾರೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಇಟ್ಟುಕೊಳ್ಳಿ. ಇಮೇಲ್, ಬ್ಯಾಂಕಿಗೆ ಎರಡು ಹಂತದ ಪರಿಶೀಲನೆ ಇರಲಿ.

ಅಂದಹಾಗೆ, ಮೂರು ತಿಂಗಳಿಗೊಮ್ಮೆ ಬದಲಿಸುವ ಆಫೀಸು ಕಟ್ಟಳೆ ಹಳೆಯದು. ಸೋರಿಕೆಯ ಸುಳಿವಿಲ್ಲದೆ ಹಾಗೆ ಬಲವಂತ ಮಾಡಬಾರದೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ.