ಎಲ್‌ಎಲ್‌ಬಿ ಬೇಡ, ಟೇಪು ಹಿಡಿದು ಬನ್ನಿ

ವಸತಿ ಯೋಜನೆಗಳ ಎಂಜಿನಿಯರ್ ಆಗಿರುವ ನೀವು, ಸ್ಲಂ ತೆರವಿನ ವಿರುದ್ಧ ನಿಲ್ಲುವ ನಾಗರಿಕ ಹಕ್ಕಿನವರ ಜೊತೆ ಸೇರೋಕೆ ಮೊದಲು ಎಲ್‌ಎಲ್‌ಬಿ ಮಾಡಬೇಕಾ ಅಂತ ಕೇಳಿದ್ದೀರಿ. ಇದೇ ಗೊಂದಲದಲ್ಲಿ ನಾನೂ ಒಂದಷ್ಟು ಕಾಲ ಹಾಳು ಮಾಡಿದೆ. ಬೇಡ. ಅಲ್ಲಿ ವಕೀಲರಿದ್ದಾರೆ, ಅಳೆಯುವವರಿಲ್ಲ.

ಬೆಂಗಳೂರಿನ ಒಂದು ಸ್ಲಂಗೆ ತೆರವಿನ ನೋಟಿಸ್ ಬಂದಾಗ ಸರ್ವೆ ನನ್ನ ಪಾಲಿಗೆ ಬಂತು. ಬಾಗಿಲಿಗೊಂದು ನಂಬರ್ ಬರೆದು, ಅಳತೆ ಹಿಡಿದು, ಅಚ್ಚುಕಟ್ಟಾಗಿ ನಕ್ಷೆ ಮಾಡಿಕೊಟ್ಟೆ. ಎಡವಿದ್ದು ಅಲ್ಲೇ. ಎಣಿಸಬೇಕಿದ್ದದ್ದು ಒಲೆ, ನಾನು ಎಣಿಸಿದ್ದು ಬಾಗಿಲು. ಒಂದೇ ಬಾಗಿಲೊಳಗೆ ಅಣ್ಣನ ಸಂಸಾರ, ತಮ್ಮನ ಸಂಸಾರ, ಪ್ಲೈವುಡ್ ಅಡ್ಡಗೋಡೆಯಾಚೆ ಬಾಡಿಗೆಯವರು. ನಮ್ಮ ಕಸುಬಿಗೆ ಕಟ್ಟಡ ಮುಖ್ಯ. ಪುನರ್ವಸತಿ ಪಟ್ಟಿಗೆ ಕುಟುಂಬ. ಅದರ ಮೇಲೆ ಹಗಲು ಹೊತ್ತು ಹೋಗಿದ್ದೆ. ಮನೆಗೆಲಸದವರು, ಗಾರೆ ಕೆಲಸದವರು ಆಚೆ ಹೋಗಿದ್ದರು. ‘ಬೀಗ’ ಅಂತ ಬರೆದದ್ದೆಲ್ಲ ಖಾಲಿ ಮನೆಯ ಲೆಕ್ಕಕ್ಕೆ ಹೋಯಿತು. ಕೊನೆಗೆ ತೆರವು ಮಾಡಿಸುವ ಕಡೆಯವರು ನನ್ನ ನಕ್ಷೆಯನ್ನೇ ಮುಂದಿಟ್ಟು, ‘ನಿಮ್ಮವರೇ ಇಷ್ಟು ಅಂದಿದ್ದಾರಲ್ಲ’ ಅಂದರು. ಆಮೇಲೆ ಸೇರಿಸಿದ ಒಂದೊಂದು ಹೆಸರಿನ ಮೇಲೂ ಅನುಮಾನ.

ರಾತ್ರಿ ಎಂಟರ ಮೇಲೆ ಹೋಗಿ, ಇಲ್ಲವೇ ಭಾನುವಾರ. ಒಲೆಗೊಂದು ಹಾಳೆ: 12ನೇ ಬಾಗಿಲೊಳಗೆ ಮೂರು ಒಲೆ ಇದ್ದರೆ 12ಎ, 12ಬಿ, 12ಸಿ. ರೇಷನ್ ಕಾರ್ಡು, ವೋಟರ್ ಕಾರ್ಡು, ಕರೆಂಟ್ ಬಿಲ್ಲುಗಳಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖಿನದ್ದರ ಫೋಟೊ ಮೊದಲು. ಬಾಡಿಗೆಯವರ ಹೆಸರಲ್ಲಿ ಬಿಲ್ ಹೆಚ್ಚಾಗಿ ಇರುವುದಿಲ್ಲ. ಗ್ಯಾಸ್ ಪುಸ್ತಕ, ಮಕ್ಕಳ ಶಾಲೆಯ ದಾಖಲೆ, ತಾಯಿ ಕಾರ್ಡು ಕೇಳಿ. ಬೀಗ ಇದ್ದರೆ ಪಕ್ಕದವರ ಹೇಳಿಕೆ ಬರೆದು ಸಹಿ ಹಾಕಿಸಿ, ಇನ್ನೊಮ್ಮೆ ಹೋಗಿ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 15 ದಿನದ ನೋಟಿಸ್ ಇಲ್ಲದೆ ಕೆಡವಬಾರದು ಅಂದಿತಲ್ಲ, ಅದನ್ನೇ ನೆಚ್ಚಿ ಕೂರಬೇಡಿ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ-ಕೆರೆಯಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೆ ಆ ನಿರ್ದೇಶನ ಅನ್ವಯಿಸುವುದಿಲ್ಲ. ಹಾಗಾಗಿ ಗೋಡೆಯಿಂದ ನೀರಿನ ಅಂಚಿಗೆ ಎಷ್ಟು ಮೀಟರ್, ಅಂಚು ಅಂದರೆ ಯಾವ ಅಂಚು ಅನ್ನುವುದರ ಮೇಲೇ ಕೇಸು ನಿಂತಿರಬಹುದು. ಅದನ್ನು ಬರೆದುಕೊಡಬಲ್ಲವರು ನೀವೇ, ವಕೀಲರಲ್ಲ.

ನಿಮ್ಮ ಆಫೀಸಿನ ಕಡತ ಮಾತ್ರ ಆಚೆ ತರಬೇಡಿ, ಕೆಲಸಕ್ಕೇ ಸಂಚಕಾರ. ಬದಲಿಗೆ, ಆ ಜಾಗ 1973ರ ಸ್ಲಂ ಕಾಯ್ದೆಯಡಿ ಸ್ಲಂ ಅಂತ ಘೋಷಣೆಯಾಗಿದೆಯೇ ಅಂತ ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಆರ್‌ಟಿಐ ಹಾಕಿಸಿ: ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಹಿಡಿಯಬಹುದು. ಜೆಸಿಬಿ ಅಷ್ಟು ದಿನ ಕಾಯುವುದಿಲ್ಲ. ನೋಟಿಸ್ ಬರುವ ಮೊದಲೇ ಹಾಕಿ.