ಕಥೆ ಓದುವಾಗ ಕಾಫಿ ಹೂವಿನ ವಾಸನೆ ಬಂದಂತಾಗುವುದು ಯಾಕೆ?

ಮಿದುಳು ಕಥೆಯನ್ನು ಬರೀ ಅರ್ಥ ಮಾಡಿಕೊಳ್ಳುವುದಿಲ್ಲ, ಸ್ವಲ್ಪ ಮಟ್ಟಿಗೆ ಅನುಭವಿಸುತ್ತದೆ. ನಿಮಗೆ ಸುಮ್ನೆ ಹಾಗೆ ಅನಿಸಿದ್ದಲ್ಲ.

'ಹೂಮಳೆಯಾಗಿ ವಾರ ಕಳೆದಿತ್ತು, ತೋಟವೆಲ್ಲ ಬೆಳ್ಳಗೆ' ಎಂಬ ಸಾಲು ಓದಿ. ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಕಾಫಿ ಬೆಳೆಯುವ ಮೂಡಿಗೆರೆ ಕಡೆಯವರಿಗೆ ಆ ಹೂವಿನ ಮಲ್ಲಿಗೆಯಂಥ ಘಮ, ಗಿಡದ ತುಂಬ ಗುಂಯ್ಗುಡುವ ಜೇನು ತಕ್ಷಣ ನೆನಪಾಗುತ್ತದೆ, ಅಲ್ವಾ? ಪದದ ಅರ್ಥ ಮಿದುಳಿನಲ್ಲಿ ನಿಘಂಟಿನ ಹಾಗೆ ಒಂದೇ ಕಡೆ ಕೂತಿರುವುದಿಲ್ಲ. ಆ ವಸ್ತುವನ್ನು ನೋಡುವಾಗ, ಮೂಸುವಾಗ, ಮುಟ್ಟುವಾಗ ಕೆಲಸ ಮಾಡಿದ ಭಾಗಗಳಲ್ಲೂ ಹಂಚಿಕೊಂಡಿರುತ್ತದೆ. ಪದ ಓದಿದಾಗ ಅವೂ ಎಚ್ಚರಗೊಳ್ಳುತ್ತವೆ.

2006ರಲ್ಲಿ ಸ್ಪೇನ್‌ನ ಸಂಶೋಧಕರು ಜನರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ಪದಗಳನ್ನು ಓದಿಸಿದರು. 'ದಾಲ್ಚಿನ್ನಿ'ಯಂಥ ಪದ ಬಂದಾಗ ವಾಸನೆ ಗುರುತಿಸುವ ಭಾಗ ಚುರುಕಾಯಿತು. ಅಲ್ಲಿ ದಾಲ್ಚಿನ್ನಿ ಇರಲೇ ಇಲ್ಲ! ಅದಕ್ಕೂ ಮೊದಲು, 2004ರಲ್ಲಿ, 'ಒದೆ'ಯಂಥ ಪದ ಓದಿದಾಗ ಕಾಲನ್ನು ಆಡಿಸುವ ಭಾಗ ಸ್ಪಂದಿಸಿದ್ದು ಕಂಡಿತ್ತು.

ಹಾಗಾಗಿಯೇ ಒಂದೇ ಸಾಲು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕಾಫಿ ಹೂ ಮೂಸಿದವರ ಮಿದುಳಿನಲ್ಲಿ ಎಬ್ಬಿಸಲು ಜಾಸ್ತಿ ನೆನಪುಗಳಿರುತ್ತವೆ. ಕಥೆಗಾರರು ಅರ್ಧ ಬರೆದರೆ ಉಳಿದರ್ಧ ಓದುವವರದ್ದು ಎಂದು ನನಗೆ ಅನಿಸುವುದು ಇದಕ್ಕೇ.

ಓದಿನ ಗುರುತು ಮಿದುಳಿನಲ್ಲಿ ಕೆಲವು ದಿನ ಉಳಿಯಲೂಬಹುದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ 21 ವಿದ್ಯಾರ್ಥಿಗಳಿಗೆ ಕಾದಂಬರಿ ಓದಿಸಿದ್ದರು. ಮೈಯ ಸ್ಪರ್ಶವನ್ನು ಅರಿಯುವ ಭಾಗದ ಸಂಪರ್ಕಗಳಲ್ಲಿ ಆದ ಬದಲಾವಣೆ, ಓದಿ ಮುಗಿಸಿ 5 ದಿನವಾದರೂ ಕಾಣುತ್ತಿತ್ತು. ಚಿಕ್ಕ ಅಧ್ಯಯನ, ಅದು ನೆನಪಿರಲಿ.

ಆದರೆ ಓದಿನ ಬಗ್ಗೆ ಕೇಳಿದ್ದನ್ನೆಲ್ಲ ನಂಬುವಂತಿಲ್ಲ. ಕಥೆ ಓದಿದ ತಕ್ಷಣ ಬೇರೆಯವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ ಎಂದು 2013ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಹಲವರಿಗೆ ಆ ಫಲಿತಾಂಶ ಸಿಗಲಿಲ್ಲ.